ಪದಾವಯವವೂ ದೇಹಾವಯವವೂ: ಜೀರ್ಣಾಂಗಗಳ ವೈದ್ಯಪದಗಳನ್ನು ಕುರಿತು ಒಂದು ವಿಮರ್ಶೆ

೧

ಗ್ಯಾಸ್ಟ್ರಾಟಮಿ, ಗ್ಯಾಸ್ಟ್ರೆಕ್ಟಮಿ, ಗ್ಯಾಸ್ಟ್ರಾಸ್ಟಮಿ ಎಂಬ ಮೂರು ಪದಗಳನ್ನು ಕನ್ನಡ ಲಿಪಿಯಲ್ಲಿ ಒಂದರ ಕೆಳಗೊಂದು ಬರೆದರೆ ಅವುಗಳೊಳಗಿನ ವ್ಯತ್ಯಾಸವು ಒಂದೆರಡು ಅಕ್ಷರಗಳನ್ನು ಮೀರುವುದಿಲ್ಲ. ಆದರೆ ಮೊದಲನೆಯದು ಜಠರವನ್ನು ಕೊಯ್ದು ತೆರೆಯುವ ಕ್ರಿಯೆ. ಎರಡನೆಯದು ಜಠರವನ್ನು ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ತೆಗೆದುಹಾಕುವ ಕ್ರಿಯೆ. ಮೂರನೆಯದು ಜಠರಕ್ಕೆ ಹೊಟ್ಟೆಯ ಮೇಲೊಂದು ಬಾಯಿಯನ್ನು ಮಾಡುವ ಕ್ರಿಯೆ. ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಿಂದಾಗಲಿ ಸೇಡಂ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯ ಹಳ್ಳಿಗಳಿಂದಾಗಲಿ ಕಲಬುರಗಿಯ ಆಸ್ಪತ್ರೆಗೆ ಬಂದ ಒಬ್ಬ ರೈತನ ಮುಂದೆ ಒಪ್ಪಿಗೆಪತ್ರವನ್ನು ಇಟ್ಟಾಗ, ಈ ಮೂರರಲ್ಲಿ ತನಗೆ ಯಾವುದು ನಡೆಯಲಿದೆ ಎಂಬುದನ್ನು ಅವನು ಅರಿಯಬೇಕಾದುದು ನ್ಯಾಯವಷ್ಟೆ. ಆ ಪತ್ರದಲ್ಲಿ ಮೂರಕ್ಕೂ ‘ಜಠರದ ಶಸ್ತ್ರಚಿಕಿತ್ಸೆ’ ಎಂಬ ಒಂದೇ ಕನ್ನಡ ಮಾತಿದ್ದರೆ ಅವನು ಹೆಬ್ಬೆಟ್ಟನ್ನೊತ್ತಿದರೂ ರುಜು ಹಾಕಿದರೂ ಒಪ್ಪಿದ್ದು ಯಾವುದಕ್ಕೆ ಎಂಬ ಪ್ರಶ್ನೆ ಉಳಿದೇ ಉಳಿಯುವುದು.

ಇಂಥ ಪದಗಳನ್ನು ಅವಯವಗಳಾಗಿ ಬಿಡಿಸಿ ಕಲಿಸುವ ಮಾರ್ಗವೊಂದು ವೈದ್ಯವಿದ್ಯಾರ್ಥಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಕನ್ನಡದಲ್ಲಿಯೂ ಈ ಮಾರ್ಗ ಅಪರಿಚಿತವಲ್ಲ, ಡಾ. ಡಿ. ಎಸ್. ಶಿವಪ್ಪನವರ ‘ವೈದ್ಯ ಪದಗಳ ಹುಟ್ಟು ರಚನೆ’ ಎಂಬ ಗ್ರಂಥದ ಹೆಸರೇ ಅದನ್ನು ಸೂಚಿಸುತ್ತದೆ. ಧಾತು, ಪೂರ್ವಪ್ರತ್ಯಯ, ಪರಪ್ರತ್ಯಯಗಳ ಒಂದು ಚಿಕ್ಕ ಪಟ್ಟಿಯನ್ನು ಬಲ್ಲವನು ನೂರಾರು ಪದಗಳನ್ನು ತಾನೇ ಅರ್ಥಮಾಡಿಕೊಳ್ಳಬಲ್ಲನೆಂಬುದು ಈ ಮಾರ್ಗದ ಭರವಸೆ. ಈ ಭರವಸೆ ಎಷ್ಟರಮಟ್ಟಿಗೆ ನಿಜ, ಎಲ್ಲಿ ಅದು ತಪ್ಪುದಾರಿಗೆ ಎಳೆಯುತ್ತದೆ, ಕನ್ನಡದಲ್ಲಿ ಪದ ಕಟ್ಟುವವರು ಅದರಿಂದ ಏನನ್ನು ಕಲಿಯಬಹುದು ಎಂಬುದನ್ನು ಜೀರ್ಣಾಂಗಗಳ ಪದಗಳಿಗೆ ಸೀಮಿತಗೊಳಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಪದದ ಭಾಗಕ್ಕೂ ದೇಹದ ಭಾಗಕ್ಕೂ ನಮ್ಮಲ್ಲಿ ‘ಅವಯವ’ವೆಂಬ ಒಂದೇ ಹೆಸರಿದೆ. ಪದದ ಅವಯವವನ್ನು ಅರಿತೊಡನೆ ದೇಹದ ಅವಯವವನ್ನೂ ಅರಿತಂತಾಯಿತೆಂಬ ಭ್ರಮೆಗೆ ಇದೂ ಒಂದು ಕಾರಣವಾಗಬಹುದು.

ಈ ಪ್ರದೇಶವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಇಲ್ಲಿ ಒಂದೇ ನೆಲದ ಮೇಲೆ ಮೂರು ವಿದ್ವತ್ಪರಂಪರೆಗಳ ವೈದ್ಯಪದಗಳು ಒಂದರ ಮೇಲೊಂದು ಬಂದು ಕುಳಿತಿವೆ: ಮಾನ್ಯಖೇಟದ ಕಾಲದ ಸಂಸ್ಕೃತ, ಹೈದರಾಬಾದು ಸಂಸ್ಥಾನದ ಅರಬ್ಬಿ ಮೂಲದ ಉರ್ದು, ಇಂದಿನ ಇಂಗ್ಲಿಷಿನ ಮೂಲಕ ಬಂದ ಗ್ರೀಕ್-ಲ್ಯಾಟಿನ್. ಮೂರಕ್ಕೂ ಅಡಿಯಲ್ಲಿ ಜನರ ಕನ್ನಡ ತನ್ನ ಪಾಡಿಗೆ ತಾನು ಹರಿದುಬಂದಿದೆ. ಮೂರನ್ನೂ ಅನುಕ್ರಮವಾಗಿ ನೋಡೋಣ. ಇಂದು ಬಳಕೆಯಲ್ಲಿ ಮುಂದಿರುವುದರಿಂದ ಗ್ರೀಕ್-ಲ್ಯಾಟಿನ್ ಪದಗಳಿಂದಲೇ ಆರಂಭಿಸುವುದು ಲೇಸು.

೨

ಗ್ರೀಕಿನಲ್ಲಿ ‘ಗ್ಯಾಸ್ಟರ್’ ಎಂದರೆ ಹೊಟ್ಟೆ, ‘ಎಂಟರಾನ್’ ಎಂದರೆ ಕರುಳು, ‘ಹೆಪಾರ್’ ಎಂದರೆ ಯಕೃತ್ತು, ‘ಖೊಲೆ’ ಎಂದರೆ ಪಿತ್ತ, ‘ಕುಸ್ತಿಸ್’ ಎಂದರೆ ಚೀಲ. ಇವುಗಳಿಗೆ ಉರಿಯೂತವನ್ನು ಹೇಳುವ ‘ಐಟಿಸ್’, ನೋಡುವುದನ್ನು ಹೇಳುವ ‘ಸ್ಕೋಪಿ’, ಕೊಯ್ಯುವುದನ್ನು ಹೇಳುವ ‘ಟಮಿ’, ತೆಗೆಯುವುದನ್ನು ಹೇಳುವ ‘ಎಕ್ಟಮಿ’, ಬಾಯಿ ಮಾಡುವುದನ್ನು ಹೇಳುವ ‘ಆಸ್ಟಮಿ’ ಎಂಬ ಪರಪ್ರತ್ಯಯಗಳನ್ನು ಸೇರಿಸಿದರೆ, ಹತ್ತು ಅವಯವಗಳಿಂದ ಹಲವು ಪದಗಳು ಹೊರಡುತ್ತವೆ. ಹೆಪಟೈಟಿಸ್ ಯಕೃತ್ತಿನ ಉರಿಯೂತ, ಎಂಟರೈಟಿಸ್ ಕರುಳಿನದು, ಕೋಲಿಸಿಸ್ಟೆಕ್ಟಮಿ ಎಂದರೆ ಪಿತ್ತದ ಚೀಲವನ್ನು ತೆಗೆಯುವುದು. ಒಮ್ಮೆಯೂ ಕೇಳದ ಪದವನ್ನು ಮೊದಲ ಸಲ ಕಂಡಾಗಲೇ ಅರ್ಥಮಾಡಿಕೊಳ್ಳುವ ಈ ಶಕ್ತಿ ಅಲ್ಪವಾದುದಲ್ಲ. ಇಷ್ಟನ್ನು ಮುಕ್ತಮನಸ್ಸಿನಿಂದ ಒಪ್ಪಬೇಕು.

ಆದರೆ ಈ ಶಕ್ತಿ ಎಲ್ಲ ಪದಗಳಲ್ಲಿಯೂ ಸಮನಾಗಿಲ್ಲ. ರೋಗವನ್ನೂ ಕ್ರಿಯೆಯನ್ನೂ ಹೇಳುವ ಪದಗಳಲ್ಲಿ ಅದು ಹೆಚ್ಚು. ಅಂಗಗಳ ಹೆಸರುಗಳಲ್ಲಿ ಅತ್ಯಲ್ಪ. ಸಣ್ಣ ಕರುಳಿನ ಮೊದಲ ಭಾಗದ ಹೆಸರು ‘ಡುಯೋಡಿನಂ’. ಅದನ್ನು ಬಿಡಿಸಿದರೆ ಸಿಕ್ಕುವುದು ‘ಹನ್ನೆರಡು’ ಎಂಬ ಸಂಖ್ಯೆ ಮಾತ್ರ: ಹನ್ನೆರಡು ಬೆರಳಗಲದ ಉದ್ದವೆಂದು ಪ್ರಾಚೀನರು ಅಳೆದುದರ ಗುರುತು. ಎರಡನೆಯ ಭಾಗ ‘ಜೆಜುನಂ’ ಎಂದರೆ ಉಪವಾಸವಿದ್ದದ್ದು, ಬರಿದಾದದ್ದು. ಶವಗಳಲ್ಲಿ ಅದು ಬರಿದಾಗಿ ಕಂಡದ್ದು ಈ ಹೆಸರಿಗೆ ಮೂಲ. ಜೀವಂತ ದೇಹದಲ್ಲಾದರೋ ಅನ್ನರಸದ ಹೀರುವಿಕೆ ಬಹುವಾಗಿ ನಡೆಯುವುದು ಅಲ್ಲಿಯೇ. ‘ರೆಕ್ಟಂ’ ಎಂದರೆ ನೆಟ್ಟಗಿರುವುದು. ಮನುಷ್ಯನಲ್ಲಿ ಅದು ನೆಟ್ಟಗಿಲ್ಲ, ಪ್ರಾಣಿಗಳನ್ನು ಕೊಯ್ದು ನೋಡಿದವರು ಇಟ್ಟ ಹೆಸರು ಮನುಷ್ಯನಿಗೂ ಅಂಟಿಕೊಂಡಿತು. ‘ಪ್ಯಾಂಕ್ರಿಯಾಸ್’ ಎಂದರೆ ಎಲ್ಲವೂ ಮಾಂಸವೇ ಆದದ್ದು. ಅದರ ಕೆಲಸವನ್ನು ಅರಿಯದವರು ಅದರ ತೋರಿಕೆಯನ್ನಷ್ಟೇ ಹೇಳಿದರು. ಹೀಗೆ ಅಂಗದ ಹೆಸರನ್ನು ಬಿಡಿಸಿದಾಗ ನಮಗೆ ತಿಳಿಯುವುದು ಹೆಸರಿಟ್ಟವನು ಅಂದು ಏನನ್ನು ಕಂಡನೆಂಬುದೇ ಹೊರತು ಆ ಅಂಗ ಏನು ಮಾಡುತ್ತದೆಂಬುದಲ್ಲ. ಚರಿತ್ರೆಯ ದೃಷ್ಟಿಯಿಂದ ಇದು ಅಮೂಲ್ಯ. ಶರೀರಕ್ರಿಯೆಯ ಪಾಠವೆಂದು ನಂಬಿದರೆ ಅಪಾಯ.

ಪರಪ್ರತ್ಯಯಗಳ ಅರ್ಥವೂ ಸ್ಥಿರವೆಂದು ತಿಳಿಯಬಾರದು. ‘ಐಟಿಸ್’ ಎಂಬುದು ಮೂಲತಃ ‘ಅದಕ್ಕೆ ಸಂಬಂಧಿಸಿದ’ ಎಂಬಷ್ಟೇ ಅರ್ಥದ ವಿಶೇಷಣರೂಪ. ‘ರೋಗ’ವೆಂಬ ವಿಶೇಷ್ಯವನ್ನು ಕೇಳುವವನು ಅಧ್ಯಾಹಾರ ಮಾಡಿಕೊಳ್ಳಬೇಕಾಗಿತ್ತು. ಕಾಲಾಂತರದಲ್ಲಿ ಅದು ಉರಿಯೂತವೆಂಬ ವಿಶಿಷ್ಟಾರ್ಥವನ್ನು ಪಡೆಯಿತು. ‘ಆಸ್ಟಮಿ’ಯ ಮೂಲವಾದ ‘ಸ್ಟೋಮಾ’ ಎಂದರೆ ಬಾಯಿ. ಗ್ಯಾಸ್ಟ್ರಾಸ್ಟಮಿಯಲ್ಲಿ ಆ ಬಾಯಿಯಿಂದ ಆಹಾರ ಒಳಗೆ ಹೋಗುತ್ತದೆ. ಕೊಲಾಸ್ಟಮಿಯಲ್ಲಿ ಅದರಿಂದ ಮಲ ಹೊರಗೆ ಬರುತ್ತದೆ. ಗ್ಯಾಸ್ಟ್ರೋಎಂಟರಾಸ್ಟಮಿಯಲ್ಲಿ ಜಠರಕ್ಕೂ ಕರುಳಿಗೂ ನಡುವೆ ಒಳಗೇ ಬಾಯಿಯನ್ನು ಮಾಡಿ ಕೂಡಿಸುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಪ್ರತ್ಯಯ ಒಂದೇ, ರೋಗಿಯ ಮುಂದಿನ ಬಾಳು ಮೂರು ಬಗೆ.

ಇನ್ನೊಂದು ತೊಡಕು ಕನ್ನಡಕ್ಕೆ ವಿಶಿಷ್ಟವಾದುದು. ಪಿತ್ತವನ್ನು ಹೇಳುವ ಅವಯವಕ್ಕೂ ದೊಡ್ಡ ಕರುಳನ್ನು ಹೇಳುವ ಅವಯವಕ್ಕೂ ಗ್ರೀಕಿನಲ್ಲಿ ಮೊದಲ ವ್ಯಂಜನವೇ ಬೇರೆ. ರೋಮನ್ ಲಿಪಿಯ ಬರವಣಿಗೆಯಲ್ಲಿ ಆ ಭೇದ ಉಳಿದಿದೆ. ಇಂಗ್ಲಿಷರ ಉಚ್ಚಾರಣೆಯನ್ನು ಅನುಸರಿಸಿ ಕನ್ನಡದಲ್ಲಿ ಬರೆದಾಗ ಎರಡೂ ಕಕಾರವೇ ಆಗಿ, ಕೋಲಿಸಿಸ್ಟೈಟಿಸ್ ಮತ್ತು ಕೊಲೈಟಿಸ್ ಒಂದೇ ಮನೆಯ ಪದಗಳಂತೆ ತೋರುತ್ತವೆ. ಒಂದು ಪಿತ್ತಕೋಶದ ರೋಗ, ಇನ್ನೊಂದು ದೊಡ್ಡ ಕರುಳಿನ ರೋಗ. ಹಾಗೆಯೇ ‘ಇಲಿಯಂ’ ಎಂದು ಬರೆದರೆ ಅದು ಸಣ್ಣ ಕರುಳಿನ ಕಡೆಯ ಭಾಗವೋ ಸೊಂಟದ ಮೂಳೆಯೋ ತಿಳಿಯುವಂತಿಲ್ಲ. ರೋಮನ್ ಲಿಪಿಯಲ್ಲಿ ಒಂದು ಸ್ವರಾಕ್ಷರ ಅವೆರಡನ್ನೂ ಬೇರೆಮಾಡುತ್ತದೆ. ಅವಯವವಿಭಾಗದ ಮಾರ್ಗವು ಕಣ್ಣಿಗೆ ಕಾಣುವ ಅಕ್ಷರಗಳನ್ನು ಅವಲಂಬಿಸಿದೆ. ಲಿಪಿ ಬದಲಾದೊಡನೆ ಆಧಾರವೇ ಕುಸಿಯುವುದೆಂಬುದನ್ನು ಕನ್ನಡದಲ್ಲಿ ಈ ಮಾರ್ಗವನ್ನು ಬೋಧಿಸುವವರು ಮರೆಯಬಾರದು.

೩

ಗುಂಡಗುರ್ತಿಗೆ ದೂರವಲ್ಲದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಉಗ್ರಾದಿತ್ಯಾಚಾರ್ಯನು ತನ್ನ ಸಂಸ್ಕೃತ ವೈದ್ಯಗ್ರಂಥವಾದ ‘ಕಲ್ಯಾಣಕಾರಕ’ದ ಕೊನೆಯ ಹಿತಾಹಿತಾಧ್ಯಾಯದಲ್ಲಿ, ನೃಪತುಂಗ ವಲ್ಲಭನ ಆಸ್ಥಾನದಲ್ಲಿ ಮಾಂಸಾಹಾರವನ್ನು ನಿರಾಕರಿಸುವ ವಾದವನ್ನು ಮಂಡಿಸಿದುದಾಗಿ ಹೇಳಿಕೊಂಡಿದ್ದಾನೆ. ಆಹಾರ ಮತ್ತು ಪಚನಗಳ ಪ್ರಶ್ನೆ ಈ ನೆಲದ ರಾಜಸಭೆಯಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ಶಾಸ್ತ್ರಚರ್ಚೆಯ ವಿಷಯವಾಗಿತ್ತೆಂಬುದು ಗಮನಾರ್ಹ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸುವುದರೊಡನೆ ವೈದ್ಯಶಾಸ್ತ್ರ ಕನ್ನಡಕ್ಕೂ ಇಳಿಯಿತು.

ಆಯುರ್ವೇದದ ಪದಗಳಲ್ಲಿ ಅವಯವಗಳು ಒಳ್ಳೆಯ ಶಿಸ್ತಿನಿಂದ ನಿಂತಿವೆ. ‘ಆಶಯ’ವೆಂದರೆ ಇರುವ ಎಡೆ. ಬೇಯದ ಅನ್ನವಿರುವುದು ಆಮಾಶಯ, ಬೆಂದದ್ದು ಇರುವುದು ಪಕ್ವಾಶಯ, ಪಿತ್ತವಿರುವುದು ಪಿತ್ತಾಶಯ. ಆಮ ಮತ್ತು ಪಕ್ವಗಳ ನಡುವೆ ನಿಂತು ಅನ್ನವನ್ನು ಹಿಡಿದಿಡುವುದು ಗ್ರಹಣಿ. ಇಲ್ಲಿ ಪದಗಳು ಬಿಡಿಬಿಡಿಯಾಗಿಲ್ಲ. ಹೊಟ್ಟೆಯನ್ನು ಒಲೆಯೆಂದೂ ಅನ್ನವನ್ನು ಅಡಿಗೆಯೆಂದೂ ಕಂಡ ಒಂದು ಇಡೀ ಸಿದ್ಧಾಂತ ಅವುಗಳ ಹಿಂದಿದೆ. ಗ್ರೀಕರದೂ ಇದೇ ಕಾಣ್ಕೆ. ಅವರ ‘ಪೆಪ್ಸಿಸ್’ ಎಂದರೆ ಬೇಯುವುದು, ಮಾಗುವುದು. ೧೮೩೬ರಲ್ಲಿ ಷ್ವಾನನು ಜಠರರಸದ ಕಿಣ್ವಕ್ಕೆ ಇಟ್ಟ ‘ಪೆಪ್ಸಿನ್’ ಎಂಬ ಹೆಸರು ಅದರಿಂದಲೇ ಬಂದುದು. ನಮ್ಮ ‘ಪಚನ’ವೂ ಆ ‘ಪೆಪ್ಸಿಸ್’ ಎಂಬುದೂ ಭಾಷಾಶಾಸ್ತ್ರದ ಪ್ರಕಾರ ಒಂದೇ ಮೂಲಧಾತುವಿನ ಕವಲುಗಳು. ಹೊಟ್ಟೆಯಲ್ಲಿ ನಡೆಯುವುದು ಬೇಯುವ ಕ್ರಿಯೆಯಲ್ಲ, ರಸಗಳಿಂದ ಒಡೆಯುವ ಕ್ರಿಯೆ ಎಂಬುದು ಬಳಿಕ ಗೊತ್ತಾಯಿತು. ಹೆಸರುಗಳು ಮಾತ್ರ ಹಾಗೆಯೇ ಉಳಿದವು.

ಈ ಸಂಸ್ಕೃತಪದಗಳು ಆಧುನಿಕ ಕನ್ನಡಕ್ಕೆ ಬಂದಾಗ ಆದುದೇನು? ಕೆಲವು ತಮ್ಮ ಬೆಲೆಯನ್ನೇ ಬದಲಿಸಿಕೊಂಡವು. ಆಯುರ್ವೇದದಲ್ಲಿ ‘ಗುಲ್ಮ’ವೆಂದರೆ ಹೊಟ್ಟೆಯೊಳಗಿನ ಗಂಟು, ಒಂದು ರೋಗ, ಕನ್ನಡದ ಪಠ್ಯಗಳಲ್ಲಿ ಅದು ಒಂದು ಅಂಗದ ಹೆಸರು, ಸಂಸ್ಕೃತದಲ್ಲಿ ‘ಪ್ಲೀಹ’ವೆನಿಸಿದ್ದು. ‘ಜಠರ’ವು ಸಂಸ್ಕೃತದಲ್ಲಿ ಉದರಕ್ಕೂ ಗರ್ಭಕ್ಕೂ ಸಲ್ಲುವ ವಿಶಾಲವಾದ ಮಾತು, ಇಂದು ಕನ್ನಡದಲ್ಲಿ ಅದು ಅನ್ನದ ಚೀಲಕ್ಕೆ ಮಾತ್ರ ಸಂಕೋಚಗೊಂಡಿದೆ. ‘ಆಮಶಂಕೆ’ಯನ್ನು ಬಿಡಿಸಿದವನಿಗೆ ‘ಶಂಕೆ’ಯೆಂದರೆ ಸಂಶಯವೆಂದೇ ತೋರುವುದು ಸಹಜ, ಅಲ್ಲಿ ಅದು ವಿಸರ್ಜನೆಯ ಬಾಧೆಯನ್ನು ಹೇಳುತ್ತದೆ, ‘ಲಘುಶಂಕೆ’ ಎಂಬಲ್ಲಿರುವಂತೆ. ಸಂಸ್ಕೃತವನ್ನು ಬಲ್ಲವನಿಗೆ ಈ ಪದಗಳು ಪಾರದರ್ಶಕವೆಂಬ ವಾದವನ್ನು ಆಗಾಗ್ಗೆ ಕೇಳುತ್ತೇವೆ. ಬಲ್ಲವನೇ ಇಲ್ಲಿ ಹೆಚ್ಚು ಸುಲಭವಾಗಿ ಎಡವುವನೆಂಬುದನ್ನು ಈ ನಿದರ್ಶನಗಳು ತೋರಿಸುತ್ತವೆ.

ಹೊಸದಾಗಿ ಕಟ್ಟಿದ ಪದಗಳ ವಿಷಯದಲ್ಲಿ ನಮ್ಮ ಆಕ್ಷೇಪಣೆ ಇನ್ನೂ ಬಲವಾದುದು. ಪ್ಯಾಂಕ್ರಿಯಾಸಿಗೆ ‘ಮೇದೋಜೀರಕಾಂಗ’ವೆಂಬ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ನೆಲೆಗೊಂಡಿದೆ. ಮೇದಸ್ಸನ್ನು, ಎಂದರೆ ಕೊಬ್ಬನ್ನು, ಜೀರ್ಣಿಸುವ ಅಂಗವೆಂದು ಅದರ ಅವಯವಾರ್ಥ. ಆ ಅಂಗದ ರಸವು ಕೊಬ್ಬನ್ನಲ್ಲದೆ ಪಿಷ್ಟವನ್ನೂ ಸಸಾರಜನಕವನ್ನೂ ಒಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ೧೯೨೧ರಲ್ಲಿ ಬೇರ್ಪಡಿಸಲ್ಪಟ್ಟ ಇನ್ಸುಲಿನ್ ಹುಟ್ಟುವುದು ಅಲ್ಲಿಯೇ. ಸಿಹಿಮೂತ್ರದ ರೋಗಿಗೆ ‘ನಿಮ್ಮ ಮೇದೋಜೀರಕಾಂಗ ಸೋತಿದೆ’ ಎಂದು ಹೇಳಿದರೆ, ಪದವನ್ನು ಬಿಡಿಸಿ ನೋಡಿದ ಅವನು ಎಣ್ಣೆ ತುಪ್ಪಗಳನ್ನು ಬಿಟ್ಟು ಸಕ್ಕರೆಯನ್ನು ಉಳಿಸಿಕೊಂಡರೆ ತಪ್ಪು ಯಾರದು? ಯಕೃತ್ತಿಗೆ ‘ಪಿತ್ತಜನಕಾಂಗ’ವೆಂದು ಹೇಳುವುದೂ ಇಂಥದೇ. ಪಿತ್ತವನ್ನು ಹುಟ್ಟಿಸುವುದು ಅದರ ಹಲವು ಕೆಲಸಗಳಲ್ಲಿ ಒಂದು ಮಾತ್ರ. ‘ಯಕೃತ್ತು’ ಎಂಬ ಹಳೆಯ ಹೆಸರು ಸಾಮಾನ್ಯನಿಗೆ ಏನನ್ನೂ ವಿವರಿಸುವುದಿಲ್ಲ. ಹಾಗಾಗಿ ತಪ್ಪನ್ನೂ ಹೇಳುವುದಿಲ್ಲ. ಅರೆಸತ್ಯವನ್ನು ಬಿಚ್ಚಿಹೇಳುವ ಹೆಸರಿಗಿಂತ ಏನನ್ನೂ ಹೇಳದ ಹೆಸರು ಮೇಲೆಂದು ನಮ್ಮ ಅಭಿಪ್ರಾಯ.

೪

೧೯೫೬ರ ನವೆಂಬರಿನಲ್ಲಿ ಕರ್ಣಾಟಕದೊಡನೆ ಒಂದಾಗುವವರೆಗೆ, ಹಿಂದೆ ನಿಜಾಮರ ಸಂಸ್ಥಾನವಾಗಿದ್ದ ಹೈದರಾಬಾದು ರಾಜ್ಯಕ್ಕೆ ಈ ಪ್ರದೇಶ ಸೇರಿತ್ತು. ವೈದ್ಯಶಾಸ್ತ್ರವನ್ನು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಮಟ್ಟದವರೆಗೆ ಬೋಧಿಸುವ ದೊಡ್ಡ ಪ್ರಯೋಗವೊಂದು ನಡೆದುದು ಆ ಸಂಸ್ಥಾನದಲ್ಲಿಯೇ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧನಭಾಷೆಯನ್ನಾಗಿ ಮಾಡಿಕೊಂಡಿತು. ಪಠ್ಯಗಳನ್ನೂ ಪರಿಭಾಷೆಯನ್ನೂ ಸಿದ್ಧಪಡಿಸುವುದಕ್ಕೆ ದಾರುಲ್ ತರ್ಜುಮಾ ಎಂಬ ಭಾಷಾಂತರ ಇಲಾಖೆ ಅದಕ್ಕೆ ಮುನ್ನವೇ, ೧೯೧೭ರಲ್ಲಿ, ಏರ್ಪಟ್ಟಿತ್ತು. ಆ ವಿದ್ವಾಂಸರ ಮುಂದೆಯೂ ನಮ್ಮ ಮುಂದಿರುವ ಪ್ರಶ್ನೆಯೇ ಇತ್ತು. ಮೌಲವಿ ವಹೀದುದ್ದೀನ್ ಸಲೀಂ ಅವರು ೧೯೨೧ರಲ್ಲಿ ಪ್ರಕಟಿಸಿದ ‘ವಜಎ ಇಸ್ತಿಲಾಹಾತ್’ ಎಂಬ ಗ್ರಂಥದಲ್ಲಿ, ಅರಬ್ಬಿಯ ಧಾತುಪದ್ಧತಿಯನ್ನಷ್ಟೇ ನೆಚ್ಚದೆ ಉರ್ದುವಿಗೆ ಸಹಜವಾದ ಪೂರ್ವಪ್ರತ್ಯಯ, ಪರಪ್ರತ್ಯಯ, ಸಮಾಸಗಳಿಂದ ಪದಗಳನ್ನು ಕಟ್ಟಬೇಕೆಂದು ವಾದಿಸಿದರು. ಭಾಷೆ ಬೇರೆಯಾದರೂ ಈ ಮಾತು ಕನ್ನಡಕ್ಕೂ ಹೊಂದುವಂಥದು.

ಯುನಾನಿ ಪದಗಳ ಕಥೆ ಇನ್ನೂ ಸ್ವಾರಸ್ಯವಾದುದು. ಡುಯೋಡಿನಂ ಅಲ್ಲಿ ‘ಇಸ್ನಾ ಅಶರೀ’, ಎಂದರೆ ಮತ್ತೆ ಹನ್ನೆರಡೇ. ಜೆಜುನಂ ‘ಸಾಯಿಮ್’, ಎಂದರೆ ಉಪವಾಸಿ. ಗ್ರೀಕರ ಅಳತೆ ಅರಬ್ಬರಿಗೆ ಹೋಗಿ, ಅರಬ್ಬಿಯಿಂದ ಮಧ್ಯಯುಗದ ಲ್ಯಾಟಿನ್ನಿಗೆ ಮರಳಿ ಬಂದುದು. ಅವಯವಗಳನ್ನು ಒಂದೊಂದಾಗಿ ಅನುವಾದಿಸಿದರೆ ಹಳೆಯವರ ಕಾಣ್ಕೆಯೊಡನೆ ಅವರ ತಪ್ಪೂ ಭಾಷೆಯಿಂದ ಭಾಷೆಗೆ ಸಾಗಿಹೋಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಳ್ಳಿಯವರು ಆ ಪರಂಪರೆಯಿಂದ ಎತ್ತಿಕೊಂಡದ್ದು ಯಾವುದು? ‘ಇಸ್ನಾ ಅಶರೀ’ಯನ್ನಲ್ಲ, ‘ಜುಲಾಬ’ನ್ನು. ಇದರ ಮೂಲ ಪಾರಸಿಯ ‘ಗುಲಾಬ್’: ‘ಗುಲ್’ ಎಂದರೆ ಹೂವು, ಗುಲಾಬಿ, ‘ಆಬ್’ ಎಂದರೆ ನೀರು. ಗುಲಾಬಿನೀರೆಂಬುದು ಅರಬ್ಬಿಯಲ್ಲಿ ಸಿಹಿಪಾನಕವಾಗಿ, ವೈದ್ಯರ ಕೈಯಲ್ಲಿ ಭೇದಿಯ ಔಷಧವಾಗಿ, ಕೊನೆಗೆ ಈ ಕಡೆಯ ಕನ್ನಡದಲ್ಲಿ ಭೇದಿಯೇ ಆಗಿ ನಿಂತಿದೆ. ‘ಜುಲಾಬು ಹತ್ತ್ಯಾವ’ ಎಂದು ಹೇಳುವ ತಾಯಿಯ ಮಾತನ್ನು ಅವಯವವಿಭಾಗದಿಂದ ಅರ್ಥಮಾಡಿಕೊಳ್ಳಹೊರಟ ವೈದ್ಯನಿಗೆ ಗುಲಾಬಿಯ ನೀರಲ್ಲದೆ ಬೇರೇನೂ ದೊರೆಯದು. ಆದರೆ ಆ ಪದ ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡುತ್ತಿದೆ. ಬಿಡಿಸಿದರೆ ಅರ್ಥವಾಗಬೇಕೆಂಬುದು ಪದದ ಅನಿವಾರ್ಯ ಗುಣವೇನೂ ಅಲ್ಲ. ರೂಢಿಯಿಂದ ಸ್ಪಷ್ಟವಾದುದಕ್ಕೆ ಯೋಗದ ಬೆಂಬಲ ಬೇಕಿಲ್ಲ.

ಉಸ್ಮಾನಿಯಾದ ಪ್ರಯೋಗವು ಸಂಸ್ಥಾನದ ಕಾಲ ಮುಗಿದೊಡನೆ ಮುಗಿಯಿತು. ಕಲಬುರಗಿಯಲ್ಲಿ ೧೯೬೩ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯದೊಡನೆ ಈ ಪ್ರದೇಶದ ವೈದ್ಯಶಿಕ್ಷಣ ಇಂಗ್ಲಿಷಿನಲ್ಲಿ ಬೆಳೆಯಿತು. ಪರಿಭಾಷೆಗಾಗಿ ಕೇಂದ್ರಸರ್ಕಾರವು ೧೯೬೧ರಲ್ಲಿ ನೇಮಿಸಿದ ಆಯೋಗವು ಅಂತಾರಾಷ್ಟ್ರೀಯ ಪದಗಳನ್ನು ಉಳಿಸಿಕೊಳ್ಳುವ, ಉಳಿದೆಡೆ ಸಂಸ್ಕೃತಧಾತುಗಳಿಂದ ಕಟ್ಟುವ ಮಾರ್ಗವನ್ನು ಹಿಡಿಯಿತು. ಮೂರು ಸಲವೂ ಅವಯವಗಳನ್ನು ಆರಿಸಿದವರು ವಿದ್ವಾಂಸರು. ಮೂರು ಸಲವೂ ರೋಗಿಯ ಭಾಷೆ ಆ ಆಯ್ಕೆಯ ಹೊರಗೆ ಉಳಿಯಿತು.

೫

ಹಾಗಾದರೆ ಕನ್ನಡದ ಸ್ವಂತ ಅವಯವಗಳಿಂದ ಏನಾದೀತು? ಮೊದಲು ಗುಣವನ್ನು ಹೇಳೋಣ. ‘ಉರಿಯೂತ’ವೆಂಬ ಪದ ಉರಿ ಮತ್ತು ಊತಗಳ ಕೂಟ. ಪ್ರಾಚೀನ ರೋಮಿನ ಸೆಲ್ಸಸನು ಉರಿಯೂತದ ಲಕ್ಷಣಗಳೆಂದು ಕೆಂಪು, ಊತ, ಬಿಸಿ, ನೋವುಗಳನ್ನು ಹೇಳಿದ್ದಾನೆ. ಉರಿಯೆಂಬ ಒಂದು ಮಾತಿನಲ್ಲಿ ಬಿಸಿಯೂ ನೋವೂ ಅಡಗಿವೆ. ಊತವನ್ನು ಎರಡನೆಯ ಮಾತು ನೇರವಾಗಿ ಹೇಳುತ್ತದೆ. ನಾಲ್ಕರಲ್ಲಿ ಮೂರನ್ನು ಓದುಬರಹವಿಲ್ಲದವನಿಗೂ ತಿಳಿಯುವಂತೆ ಹೇಳುವ ಈ ಪದದ ಮುಂದೆ, ಬರಿಯ ‘ಸಂಬಂಧಿಸಿದ’ ಎಂಬರ್ಥದ ‘ಐಟಿಸ್’ ಬಡವಾದುದೇ ಸರಿ. ‘ಕರುಳು’ ಎಂಬುದೂ ಹೀಗೆಯೇ ಪ್ರಯೋಜನಕಾರಿಯಾದ ಮಾತು. ಸಣ್ಣ ಕರುಳು, ದೊಡ್ಡ ಕರುಳುಗಳೆಂದರೆ ವಿವರಣೆ ಬೇಡ.

ದೋಷವನ್ನೂ ಮುಚ್ಚಿಡುವಂತಿಲ್ಲ. ‘ಹೊಟ್ಟೆ’ಯೆಂಬುದು ಅತಿವಿಶಾಲವಾದ ಮಾತು: ಜಠರವೂ ಹೊಟ್ಟೆಯೇ, ಉದರವೂ ಹೊಟ್ಟೆಯೇ, ಗರ್ಭವೂ ಹೊಟ್ಟೆಯೇ. ಅದರ ಸಮಾಸಗಳಾದರೋ ಅವಯವಾರ್ಥವನ್ನು ಬಿಟ್ಟು ಎಂದೋ ಹೊರಟುಹೋಗಿವೆ. ‘ಹೊಟ್ಟೆಯುರಿ’ಗೂ ‘ಹೊಟ್ಟೆಕಿಚ್ಚಿ’ಗೂ ವೈದ್ಯನಲ್ಲಿ ಮದ್ದಿಲ್ಲ, ‘ಹೊಟ್ಟೆಪಾಡು’ ರೋಗವಲ್ಲ, ನಕ್ಕು ನಕ್ಕು ‘ಹೊಟ್ಟೆ ಹುಣ್ಣಾಯಿತು’ ಎಂದವನಿಗೆ ಹುಣ್ಣಿನ ಚಿಕಿತ್ಸೆ ಬೇಕಿಲ್ಲ. ‘ಎದೆಯುರಿ’ ಎಂಬಲ್ಲಿ ಉರಿಯುವುದು ಹೃದಯವಲ್ಲ, ಅನ್ನನಾಳ. ಪ್ರಾಂತಭೇದವೂ ಉಂಟು: ‘ಹೊಟ್ಟೆ ಕಡಿತ’ವೆಂದರೆ ಕಲಬುರಗಿಯ ಕಡೆ ಹೊಟ್ಟೆಯೊಳಗಿನ ಹಿಂಡುವ ನೋವು, ಮೈಸೂರಿನ ಕಡೆಯ ವೈದ್ಯನಿಗೆ ಕಡಿತವೆಂದರೆ ಹುಳುವಿನ ಕಚ್ಚುವಿಕೆಯೋ ಚರ್ಮದ ತುರಿಕೆಯೋ ನೆನಪಾದೀತು. ಊರ ಹೆಸರಿನಲ್ಲಿಯೂ ಇಂಥ ಎಚ್ಚರ ಬೇಕಾಗುತ್ತದೆ. ‘ಗುಂಡಗುರ್ತಿ’ಯನ್ನು ಕೇಳಿದವನಿಗೆ ‘ಗುರುತು’ ನೆನಪಾಗಬಹುದು. ಕಿವಿಗೆ ತೋಚಿದ್ದೆಲ್ಲ ವ್ಯುತ್ಪತ್ತಿಯಾಗದು. ಆದಕಾರಣ ದೇಶ್ಯವೆಂಬ ಒಂದೇ ಕಾರಣಕ್ಕೆ ಪದವು ಸ್ಪಷ್ಟವಾಗುವುದಿಲ್ಲ.

ಸಂಸ್ಕೃತ-ಕನ್ನಡಗಳ ಬೆರಕೆಯ ಪ್ರಶ್ನೆಯನ್ನೂ ಇಲ್ಲಿಯೇ ಮುಟ್ಟಬೇಕು. ಮಾನ್ಯಖೇಟದ ಆಸ್ಥಾನದಲ್ಲಿಯೇ ಹುಟ್ಟಿದ ‘ಕವಿರಾಜಮಾರ್ಗ’ವು ಇಂಥ ಸಮಾಸವನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದುದಕ್ಕೆ ಹೋಲಿಸಿ ನಿಷೇಧಿಸಿದೆ, ಕೇಶಿರಾಜನು ಅರಿಸಮಾಸವನ್ನು ವಿಚಾರಿಸಿ ರೂಢಿಯಾದ ಕೆಲವನ್ನು ಒಪ್ಪಿದ್ದಾನೆ. ‘ಕರುಳುಚ್ಛೇದನ’ದಂಥ ಕೂಟ ಕಿವಿಗೆ ಒಡೆದ ಹಾಲಿನಂತಿರುವುದು ನಿಜ. ಆದರೆ ‘ಜಠರದ ಉರಿಯೂತ’ ಎಂದು ವಿಭಕ್ತಿಯನ್ನು ಉಳಿಸಿಕೊಂಡರೆ ದೋಷವೂ ಇಲ್ಲ, ಅರ್ಥಕ್ಕೆ ಕುಂದೂ ಇಲ್ಲ. ಗ್ರೀಕರು ಒಂದೇ ಪದದಲ್ಲಿ ಹೇಳಿದುದನ್ನು ನಾವೂ ಒಂದೇ ಪದದಲ್ಲಿ ಹೇಳಬೇಕೆಂಬ ಹಟವೇ ನಮ್ಮ ಪರಿಭಾಷೆಯ ಹಲವು ಕ್ಲೇಶಗಳಿಗೆ ಮೂಲವೆಂದು ತೋರುತ್ತದೆ. ಕನ್ನಡದ ಷಷ್ಠೀವಿಭಕ್ತಿ ಗ್ರೀಕಿನ ಸಮಾಸಕ್ಕಿಂತ ಕಡಿಮೆಯ ಸಾಧನವೇನೂ ಅಲ್ಲ.

ಈಗ ಆರಂಭದ ಮೂರು ಪದಗಳಿಗೆ ಮರಳೋಣ. ಕನ್ನಡದಲ್ಲಿ ಧಾತುವಿನಿಂದ ನಾಮವನ್ನು ಮಾಡುವ ‘ತ’ ಎಂಬ ಕೃತ್‌ಪ್ರತ್ಯಯ ಇಂದಿಗೂ ಜೀವಂತವಾಗಿದೆ: ಇರಿತ, ಸೆಳೆತ, ಕೊರೆತ, ಊತ. ಕೊಯ್ಯುವುದು ಕೊಯ್ತ, ತೆಗೆಯುವುದು ತೆಗೆತ. ಮೂರನೆಯದಕ್ಕೆ ‘ಬಾಯಿ’ಯೆಂಬ ಮಾತೇ ಸಾಕು; ಗ್ರೀಕರ ‘ಸ್ಟೋಮಾ’ ಹೇಳುವುದೂ ಅದನ್ನೇ. ಜಠರದ ಕೊಯ್ತ, ಜಠರದ ತೆಗೆತ, ಜಠರಕ್ಕೆ ಹೊರಬಾಯಿ. ಹಾಗೆಯೇ ಪಿತ್ತಕೋಶದ ತೆಗೆತ, ದೊಡ್ಡ ಕರುಳಿಗೆ ಹೊರಬಾಯಿ. ‘ಹೊರ’ ಎಂಬುದನ್ನು ಸೇರಿಸಿದುದಕ್ಕೆ ಕಾರಣವನ್ನು ಮೇಲೆಯೇ ಸೂಚಿಸಿದ್ದೇವೆ: ಒಳಗೊಳಗೆ ಕೂಡಿಸುವ ಬಾಯಿಯೊಂದು ಬೇರೆ ಇರುವುದರಿಂದ ‘ಒಳಬಾಯಿ’ ಎಂಬ ಪ್ರತಿಯೋಗಿ ಬೇಕಾಗುತ್ತದೆ. ಇಷ್ಟಾದರೂ ಆ ಬಾಯಿಯಿಂದ ಅನ್ನ ಹೋಗುವುದೋ ಮಲ ಬರುವುದೋ, ಅದು ಕೆಲವು ತಿಂಗಳಿಗೋ ಬಾಳಿನುದ್ದಕ್ಕೋ ಎಂಬುದನ್ನು ಪದ ಹೇಳಲಾರದು. ಅದನ್ನು ವೈದ್ಯನು ಬಾಯಿಬಿಟ್ಟು ಹೇಳಬೇಕು. ಪದಾವಯವವು ಮಾತುಕತೆಯನ್ನು ಆರಂಭಿಸಿಕೊಡಬಲ್ಲುದೇ ಹೊರತು ಅದಕ್ಕೆ ಬದಲಾಗಲಾರದು.

ಈ ಪದಗಳು ಒರಟು, ಶಾಸ್ತ್ರಕ್ಕೆ ತಕ್ಕ ಗಾಂಭೀರ್ಯ ಇವಕ್ಕಿಲ್ಲ ಎಂಬ ಆಕ್ಷೇಪಣೆ ಬರಬಹುದು. ‘ಸ್ಟೋಮಾ’ ಗ್ರೀಕರಿಗೆ ಉಣ್ಣುವ ಬಾಯಿಯೇ ಆಗಿತ್ತು. ಗಾಂಭೀರ್ಯ ಬಂದುದು ನಮಗೆ ಗ್ರೀಕ್ ತಿಳಿಯದುದರಿಂದ. ವೈದ್ಯರು ತಮ್ಮೊಳಗೆ ಲೋಕವೆಲ್ಲ ಬಳಸುವ ಪದಗಳನ್ನೇ ಬಳಸಲಿ, ಅದರಲ್ಲಿ ನಮಗೆ ವಿರೋಧವಿಲ್ಲ. ಒಬ್ಬ ರೋಗಿಯ ಕಾಗದ ಕಲಬುರಗಿಯಿಂದ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಬೇಕಾದಾಗ ಅವು ಅಗತ್ಯ. ರೋಗಿಯ ಮುಂದಿಡುವ ಪತ್ರದ ಮಾತು ಬೇರೆ. ಅಲ್ಲಿ ಅಂತಾರಾಷ್ಟ್ರೀಯ ಪದವನ್ನು ಬರೆದು, ಅದರ ಪಕ್ಕದಲ್ಲಿ ಕೊಯ್ತವೋ ತೆಗೆತವೋ ಬಾಯಿಯೋ ಎಂಬುದನ್ನು ಕನ್ನಡದಲ್ಲಿ ತೋರಿಸುವುದು ಕಷ್ಟದ ಕೆಲಸವಲ್ಲ.

ಒಟ್ಟಿನಲ್ಲಿ ನಮ್ಮ ವಿಚಾರದ ಫಲಿತಾಂಶ ಇಷ್ಟು. ಅವಯವವಿಭಾಗವು ರೋಗ ಮತ್ತು ಕ್ರಿಯೆಗಳ ಪದಗಳಲ್ಲಿ ನಂಬಿಕೆಗೆ ಅರ್ಹ. ಅಂಗಗಳ ಹೆಸರುಗಳಲ್ಲಿ ಅದು ಚರಿತ್ರೆಯನ್ನು ಹೇಳುತ್ತದೆಯೇ ಹೊರತು ಶಾರೀರವನ್ನಲ್ಲ. ಕನ್ನಡದಲ್ಲಿ ಪದ ಕಟ್ಟುವವರು ಅಂಗಗಳಿಗೆ ವಿವರಣಾತ್ಮಕವಾದ ಹೊಸ ಹೆಸರುಗಳನ್ನು ಹುಡುಕುವ ಶ್ರಮವನ್ನು ಬಿಟ್ಟು, ಕ್ರಿಯೆಗಳಿಗೆ ಜೀವಂತವಾದ, ಒಂದೇ ಬೆಲೆಯ ಅವಯವಗಳನ್ನು ಗೊತ್ತುಮಾಡಿದರೆ ಹೆಚ್ಚು ಉಪಕಾರವಾದೀತು. ಗೊತ್ತುಮಾಡಿದುದನ್ನು ನಿಘಂಟಿನಲ್ಲಿ ಸೇರಿಸುವ ಮುನ್ನ ಚಿತ್ತಾಪುರ, ಸೇಡಂ, ಚಿಂಚೋಳಿಗಳ ಹಳ್ಳಿಗಳಲ್ಲಿ ಒಮ್ಮೆ ಹೇಳಿನೋಡುವುದು ಒಳಿತು. ‘ತೆಗೆತ’ವೆಂದಾಗ ಕೇಳುವವನು ‘ತೆಗೆದ ಮೇಲೆ ನಾನು ಉಣ್ಣುವುದು ಹೇಗೆ?’ ಎಂದು ಕೇಳಿದರೆ ಪದ ಗೆದ್ದಿತೆಂದು ತಿಳಿಯಬಹುದು. ಪರಿಭಾಷೆಯ ಸಮಿತಿಗಳು ಇನ್ನು ಮುಂದೆಯಾದರೂ ಈ ಪರೀಕ್ಷೆಯನ್ನು ತಮ್ಮ ಕಾರ್ಯಕ್ರಮದಲ್ಲಿ ಸೇರಿಸಿಕೊಳ್ಳುವುವೆಂದು ನಾವು ಆಶಿಸುತ್ತೇವೆ.